ಇನ್ವೆಂಟರಿ ಸಾಫ್ಟ್‌ವೇರ್ ಪದೇ ಪದೇ ಕ್ರ್ಯಾಶ್ ಆದರೆ ಅದು ಹ್ಯಾಕಿಂಗೇ?

ಮಾಲೂರು, ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿರಲಿ, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಾಲೇಜು ಲ್ಯಾಬ್‌ಗಳಿರಲಿ, ಹತ್ತಾರು ಕಂಪ್ಯೂಟರ್ ಇದ್ದ ಕಡೆ ಅವುಗಳ ಲೆಕ್ಕ ಇಡಲು ಇನ್ವೆಂಟರಿ ಸಾಫ್ಟ್‌ವೇರ್ ಬೇಕಾಗುತ್ತದೆ. ಯಾವ ಯಂತ್ರದಲ್ಲಿ ಎಷ್ಟು ರ‍್ಯಾಮ್, ಯಾವ ವಿಂಡೋಸ್, ಲೈಸೆನ್ಸ್ ಇದೆಯೇ ಎಂದು ನೆಟ್‌ವರ್ಕ್ ಮೂಲಕವೇ ಅದು ಕೇಳಿ ಬರೆದುಕೊಳ್ಳುತ್ತದೆ. ಸ್ಕ್ಯಾನ್ ಅರ್ಧಕ್ಕೆ ನಿಂತು ಮುಚ್ಚಿಕೊಂಡರೆ ಸಾಕು, 'ಹ್ಯಾಕ್ ಆಗಿದೆ' ಎಂಬ ಮೆಸೇಜ್ ಗ್ರೂಪಿಗೆ ಬಂದುಬಿಡುತ್ತದೆ. ಸಾಮಾನ್ಯವಾಗಿ ಕಾರಣ ಅದಲ್ಲ.

2024ರ ಜುಲೈ 19 ನೆನಪಿದೆಯೇ? ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಅಂದು ಕೈಯಲ್ಲೇ ಚೆಕ್-ಇನ್ ಮಾಡಬೇಕಾಯಿತು. ಸೈಬರ್ ದಾಳಿ ಎಂದು ಫಾರ್ವರ್ಡ್‌ಗಳು ಹರಿದಾಡಿದವು. ನಡೆದದ್ದು ಬೇರೆ. ಕ್ರೌಡ್‌ಸ್ಟ್ರೈಕ್ ಕಂಪನಿ ತನ್ನ ಭದ್ರತಾ ಸಾಫ್ಟ್‌ವೇರ್‌ಗೆ ಕಳಿಸಿದ ಒಂದು ಅಪ್‌ಡೇಟ್, 20 ಮಾಹಿತಿಗಳಷ್ಟೇ ಇದ್ದ ಜಾಗದಲ್ಲಿ 21ನೆಯದನ್ನು ಓದಲು ಹೋಯಿತು. ಅಷ್ಟೇ. ಅದು ಇನ್ವೆಂಟರಿ ಸಾಫ್ಟ್‌ವೇರ್ ಅಲ್ಲ, ನಿಜ. ಆದರೆ ನಿರೀಕ್ಷಿಸದ ಮಾಹಿತಿ ಎದುರಾದಾಗ ಕುಸಿಯುವ ಗುಣ ಎರಡಕ್ಕೂ ಒಂದೇ.

ಹಾಗಾದರೆ ಹುಡುಕುವುದು ಹೇಗೆ? ಮೊದಲು ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು, ಅಪ್ಲಿಕೇಶನ್ ಲಾಗ್‌ನಲ್ಲಿ 1000 ಸಂಖ್ಯೆಯ ಎರರ್ ನೋಡಿ. ಯಾವ ಫೈಲ್‌ನಲ್ಲಿ ತಪ್ಪಾಯಿತು ಎಂಬುದು ಅಲ್ಲಿರುತ್ತದೆ. ಆಮೇಲೆ ಯಂತ್ರಗಳನ್ನು ಪಾಲು ಮಾಡಿ. 60 ಇದ್ದರೆ 30 ಮಾತ್ರ ಸ್ಕ್ಯಾನ್ ಮಾಡಿ. ಕ್ರ್ಯಾಶ್ ಆದರೆ ಅದರಲ್ಲಿ 15, ಆಗದಿದ್ದರೆ ಉಳಿದ 30. ಐದಾರು ಸುತ್ತಿನಲ್ಲಿ ಒಂದೇ ಯಂತ್ರ ಕೈಗೆ ಸಿಗುತ್ತದೆ. ಅದನ್ನು ಸದ್ಯಕ್ಕೆ ಪಟ್ಟಿಯಿಂದ ಬಿಟ್ಟು ಉಳಿದವನ್ನು ಮುಗಿಸಿ. ಅದರ ರಿಪೇರಿ ನಿಧಾನಕ್ಕೆ ನೋಡಬಹುದು. ಪ್ರತಿ ಸಲ ಬೇರೆ ಬೇರೆ ಯಂತ್ರದ ಬಳಿ ನಿಲ್ಲುತ್ತಿದ್ದರೆ ತೊಂದರೆ ಸ್ಕ್ಯಾನ್ ನಡೆಸುವ ಕಂಪ್ಯೂಟರಿನದ್ದಿರಬಹುದು: ಮೆಮೊರಿ ಸಾಲದು, ಡಿಸ್ಕ್ ತುಂಬಿದೆ, ಇಲ್ಲವೇ ಒಮ್ಮೆಗೇ ತೀರಾ ಹೆಚ್ಚು ಯಂತ್ರಗಳನ್ನು ಕೇಳುತ್ತಿದ್ದೀರಿ.

ಆಂಟಿವೈರಸ್ಸೂ ಅಡ್ಡ ಬರುವುದುಂಟು, ಏಕೆಂದರೆ ನೆಟ್‌ವರ್ಕ್ ಪೂರ್ತಿ ತಡಕಾಡುವ ಪ್ರೋಗ್ರಾಮ್ ಕಳ್ಳನಂತೆಯೇ ಕಾಣುತ್ತದೆ. 'ಆಂಟಿವೈರಸ್ ಆಫ್ ಮಾಡಿ' ಎಂಬ ಸಲಹೆಯನ್ನು ಮಾತ್ರ ಕೇಳಬೇಡಿ. ತಯಾರಕರಿಂದಲೇ ಪಡೆದ ಆ ಒಂದು ಪ್ರೋಗ್ರಾಮ್‌ಗಷ್ಟೇ ವಿನಾಯಿತಿ ಕೊಡಿ.

ಅದಕ್ಕಿಂತ ದೊಡ್ಡ ಅಪಾಯ ವಾಟ್ಸ್‌ಆ್ಯಪ್‌ನಲ್ಲಿ ಬರುವ 'ರಿಪೇರಿ ಫೈಲ್'. ಜುಲೈ 19ರ ನಂತರ ವಂಚಕರು ದುರಸ್ತಿಯ ಹೆಸರಿನಲ್ಲೇ ಕುತಂತ್ರಾಂಶ ಹಂಚಿದ್ದರು. ಇನ್ವೆಂಟರಿ ನಡೆಸುವ ಕಂಪ್ಯೂಟರಿನಲ್ಲಿ ಎಷ್ಟೋ ಕಡೆ ಎಲ್ಲ ಯಂತ್ರಗಳ ಅಡ್ಮಿನ್ ಪಾಸ್‌ವರ್ಡ್ ಇರುತ್ತದೆ. ಅಲ್ಲಿ ಅಂಥ ಫೈಲ್ ತೆರೆದರೆ ಇಡೀ ಕಚೇರಿಯ ಬೀಗದ ಕೈಗೊಂಚಲನ್ನೇ ಕೊಟ್ಟಂತೆ.