ಹಳದಿ ಅಕ್ಷರದ ಸಾಲುಗಳು

ಕಳೆದ ದೀಪಾವಳಿಗೆ ಮಗ, ಸೊಸೆ ಬೆಂಗಳೂರಿನಿಂದ ಬಂದಿದ್ದರು. ನೀರು ತುಂಬುವ ಹಬ್ಬದ ದಿನ ನಾನು ಹಂಡೆ ಉಜ್ಜಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬರೆದು, ನಲ್ಲಿಗೆ ಪೈಪು ಸಿಕ್ಕಿಸಿ, “ಸ್ವಲ್ಪ ನೋಡ್ಕೊಳೋ” ಎಂದು ಮಗನಿಗೆ ಹೇಳಿ ಅಡುಗೆಮನೆಗೆ ಹೋದೆ. ಅವನು ಮೊಬೈಲು ನೋಡಿಕೊಂಡು ನಿಂತ. ಹಂಡೆ ತುಂಬಿ ಹರಿದು, ಬಚ್ಚಲೊಲೆಗೆ ನೀರು ನುಗ್ಗಿ, ಮಾರನೆಯ ದಿನದ ಎಣ್ಣೆಸ್ನಾನಕ್ಕೆಂದು ಜೋಡಿಸಿಟ್ಟಿದ್ದ ಸೌದೆಯೆಲ್ಲ ತೊಯ್ದುಹೋಯಿತು. ಈ ಹಂಡೆಯ ವಿಷಯ ಆಮೇಲೆ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

ಸೊಸೆ ನಡುಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ರಜೆ ಕೊಟ್ಟರೂ ಕೆಲಸ ಕೊಡುವುದನ್ನು ಬಿಟ್ಟಿರಲಿಲ್ಲ. ಕರಿಯ ಪರದೆಯ ಮೇಲೆ ಹಳದಿ ಅಕ್ಷರದ ಸಾಲುಗಳು ಒಂದರ ಹಿಂದೊಂದು ಓಡುತ್ತಿದ್ದವು.

“ಏನಮ್ಮಾ ಅದು, ಅಷ್ಟೊಂದು ಹಳದಿ?” ಎಂದೆ.

“ವಾರ್ನಿಂಗ್ ಅತ್ತೆ. ಈ ಫಂಕ್ಷನ್ ಹಳೇದಾಯ್ತು, ಇನ್ಮೇಲೆ ಬಳಸಬೇಡಿ ಅಂತ. ಪ್ರೋಗ್ರಾಮ್ ಓಡತ್ತಲ್ಲ, ಯಾರೂ ನೋಡಲ್ಲ ಬಿಡಿ.”

ನಾನು ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಸಮಾಜವಿಜ್ಞಾನ ಪಾಠ ಮಾಡುತ್ತಿರುವವಳು. ಕಂಪ್ಯೂಟರಿನ ಜೊತೆ ನನ್ನ ಸಂಬಂಧ ಮಕ್ಕಳ ಹಾಜರಿ, ಅಂಕಗಳನ್ನು ತುಂಬುವಷ್ಟಕ್ಕೇ ಮುಗಿಯುತ್ತದೆ. ಆದರೆ “ಯಾರೂ ನೋಡಲ್ಲ” ಎಂಬ ಮಾತು ತಲೆಯಲ್ಲಿ ಕೂತುಬಿಟ್ಟಿತು. ಚರಿತ್ರೆಯ ಯಾವ ಅನಾಹುತದ ಪಾಠ ತೆಗೆದರೂ ಅಲ್ಲೊಬ್ಬ ಮೊದಲೇ ಹೇಳಿದವನು ಇದ್ದೇ ಇರುತ್ತಾನೆ, ಕೇಳಿಸಿಕೊಂಡವರು ಇರುವುದಿಲ್ಲ. ಹಬ್ಬದ ಮೂರು ದಿನವೂ ಅವಳನ್ನು ಕಾಡಿ ಕೇಳಿದೆ. ಆಮೇಲೆ ನಾನೇ ಒಂದಷ್ಟು ಓದಿಕೊಂಡೆ.

ಮೊದಲು ಲೈಬ್ರರಿ ಎಂದರೇನು ಎಂದು ತಿಳಿಯಬೇಕು. ನಾವು ಸಾರು ಮಾಡುವಾಗ ಸಾರಿನಪುಡಿಯನ್ನು ದಿನಾ ಹುರಿದು ಕುಟ್ಟುವುದಿಲ್ಲವಲ್ಲ, ಯಾರೋ ಮಾಡಿಟ್ಟ ಡಬ್ಬಿಯಿಂದ ಒಂದು ಚಮಚ ಹಾಕುತ್ತೇವೆ. ಸಾಫ್ಟ್‌ವೇರ್ ಬರೆಯುವವರೂ ಹಾಗೆಯೇ. ದಿನಾಂಕ ಲೆಕ್ಕ ಹಾಕುವುದು, ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವುದು, ಟೈಪು ಮಾಡಿದ್ದನ್ನು ಓದಿಕೊಳ್ಳುವುದು ಇಂಥವನ್ನೆಲ್ಲ ಯಾರೋ ಬರೆದಿಟ್ಟಿರುತ್ತಾರೆ. ಒಂದೊಂದು ಕೆಲಸಕ್ಕೂ ಒಂದು ಹೆಸರು, ಅದೇ ಫಂಕ್ಷನ್. ಅವುಗಳ ಕಂತೆ ಲೈಬ್ರರಿ. ಹೆಸರು ಹಿಡಿದು ಕರೆದರೆ ಕೆಲಸ ಆಗುತ್ತದೆ. ಪುಡಿ ಮಾಡಿದವಳಿಗೆ ಒಂದು ದಿನ “ಅಯ್ಯೋ, ಇದರಲ್ಲೊಂದು ತಪ್ಪಾಗಿದೆ” ಎಂದು ಗೊತ್ತಾದಾಗ ತೊಡಕು ಶುರು. ಡಬ್ಬಿ ಆಗಲೇ ಸಾವಿರ ಮನೆ ಸೇರಿದೆ. ಕಿತ್ತುಕೊಂಡರೆ ಸಾವಿರ ಮನೆಯ ಅಡುಗೆ ನಿಲ್ಲುತ್ತದೆ. ಹಾಗಾಗಿ ಡಬ್ಬಿಯ ಮೇಲೊಂದು ಚೀಟಿ ಅಂಟಿಸುತ್ತಾರೆ: ಇದನ್ನು ಬಿಡಿ, ಹೊಸದನ್ನು ತೆಗೆದುಕೊಳ್ಳಿ.

ಹಾಗೆ ಚೀಟಿ ಅಂಟಿಸಿಕೊಂಡದ್ದಕ್ಕೆ ‘ಡೆಪ್ರಿಕೇಟೆಡ್’ ಎನ್ನುತ್ತಾರೆ. ನಾನು ಮೊದಲು ‘ಡಿಪ್ರಿಶಿಯೇಟೆಡ್’ ಎಂದು ಕೇಳಿಸಿಕೊಂಡು, ಹಳೆಯ ಕಾರಿನ ಬೆಲೆ ಇಳಿದಂತೆ ಇದೂ ಏನೋ ಎಂದುಕೊಂಡಿದ್ದೆ. ನಿಘಂಟು ತೆಗೆದು ನೋಡಿದರೆ ಅದು ಲ್ಯಾಟಿನ್ನಿನಿಂದ ಬಂದ ಶಬ್ದ. ಮೂಲದ ಅರ್ಥ, ಕೆಟ್ಟದ್ದು ದೂರ ಹೋಗಲಿ ಎಂದು ಬೇಡಿಕೊಳ್ಳುವುದು. ನಮ್ಮಲ್ಲಿ ದೃಷ್ಟಿ ನಿವಾಳಿಸುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಬೇಡಿಕೊಂಡ ಮಾತ್ರಕ್ಕೆ ಅದು ಹೋಗುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಹೋಗದೆ ಕೂತ ಒಂದು ಫಂಕ್ಷನ್ನಿನ ಕಥೆ ಹೇಳುತ್ತೇನೆ. ಅದರ ಹೆಸರು ‘ಗೆಟ್ಸ್’.

1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ಎಂಬಾತ ‘ಸಿ’ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದ. ಅದರ ಜೊತೆಗೆ ಬೆಳೆದ ಲೈಬ್ರರಿಯಲ್ಲಿ ಗೆಟ್ಸ್ ಇತ್ತು. ಹೊರಗಿನಿಂದ ಬರುವ ಒಂದು ಸಾಲನ್ನು ಓದಿ, ನೀವು ತೋರಿಸಿದ ಜಾಗದಲ್ಲಿ ತುಂಬುವುದು ಅದರ ಕೆಲಸ. ಆದರೆ ಆ ಜಾಗ ಎಷ್ಟು ದೊಡ್ಡದು ಎಂದು ಅದು ಕೇಳುವುದೇ ಇಲ್ಲ. ನೂರು ಅಕ್ಷರದ ಜಾಗಕ್ಕೆ ಇನ್ನೂರು ಅಕ್ಷರ ಬಂದರೂ ಸುರಿಯುತ್ತಲೇ ಹೋಗುತ್ತದೆ. ನನ್ನ ಮಗ ಹಂಡೆ ತುಂಬಿಸಿದ ಹಾಗೆ.

ಹಂಡೆಯಿಂದ ಹರಿದ ನೀರು ಸೌದೆ ತೋಯಿಸಿತು, ಅಷ್ಟೇ. ಕಂಪ್ಯೂಟರಿನಲ್ಲಿ ಹರಿದದ್ದು ಪಕ್ಕದಲ್ಲಿ ಬರೆದಿಟ್ಟಿದ್ದನ್ನು ಅಳಿಸಿ, ತಾನು ಕೂರುತ್ತದೆ. ಆ ಪಕ್ಕದಲ್ಲಿ ಅನೇಕ ಸಲ “ಈ ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗಬೇಕು” ಎಂಬ ವಿಳಾಸವಿರುತ್ತದೆ. ಕಿಡಿಗೇಡಿಯೊಬ್ಬ ಲೆಕ್ಕ ಹಾಕಿ ಉದ್ದದ ಸಾಲು ಕಳಿಸಿದರೆ ಆ ವಿಳಾಸದ ಜಾಗದಲ್ಲಿ ತನ್ನ ವಿಳಾಸ ಬರೆಯಬಹುದು. ಆಮೇಲೆ ಯಂತ್ರ ಅವನು ಹೇಳಿದ ಹಾಗೆ ಕೇಳುತ್ತದೆ.

1988ರ ನವೆಂಬರ್ 2ರಂದು ಇದೇ ಆಯಿತು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ರಾಬರ್ಟ್ ಟಪ್ಪನ್ ಮಾರಿಸ್ ಎಂಬ ಹುಡುಗ, ತಾನೇ ತಾನಾಗಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಹಬ್ಬುವ ಪ್ರೋಗ್ರಾಮನ್ನು ಬರೆದು, ಎಂ.ಐ.ಟಿ.ಯ ಯಂತ್ರವೊಂದರಿಂದ ಬಿಟ್ಟ. ಯಂತ್ರದಲ್ಲಿ ಯಾರು ಕೆಲಸ ಮಾಡುತ್ತಿದ್ದಾರೆ ಎಂದು ತಿಳಿಸುವ ‘ಫಿಂಗರ್’ ಎಂಬ ಸೇವೆಯೊಂದು ಆಗ ಎಲ್ಲೆಡೆ ಇತ್ತು. ಅದರೊಳಗೆ ಗೆಟ್ಸ್ ಕೂತಿತ್ತು. ಅಲ್ಲಿದ್ದ ಜಾಗ 512 ಅಕ್ಷರದ್ದು. ಮಾರಿಸ್‌ನ ಹುಳು ಕಳಿಸಿದ್ದು 536. ಹೆಚ್ಚಾದದ್ದು ಬರೀ 24. ಒಳನುಗ್ಗಲು ಅದಕ್ಕೆ ಬೇರೆ ದಾರಿಗಳೂ ಇದ್ದವು: ಅಂಚೆ ಸಾಗಿಸುವ ಪ್ರೋಗ್ರಾಮಿನ ಒಂದು ದೋಷ, ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡುಗಳು. ಒಂದೇ ಯಂತ್ರಕ್ಕೆ ಮತ್ತೆ ಮತ್ತೆ ಹೊಕ್ಕು ಅವನ್ನು ಕುಸಿಯುವಷ್ಟು ನಿಧಾನ ಮಾಡಿಬಿಟ್ಟಿತು. ಆಗ ಇಂಟರ್‌ನೆಟ್‌ನಲ್ಲಿದ್ದ ಸುಮಾರು 60,000 ಯಂತ್ರಗಳಲ್ಲಿ ಹತ್ತರಲ್ಲೊಂದು ಪಾಲು ಸಿಕ್ಕಿಬಿದ್ದವು ಎನ್ನುತ್ತಾರೆ. ಅದು ಎಣಿಸಿದ ಲೆಕ್ಕವಲ್ಲ, ಅಂದಾಜು.

ಈ ಹುಡುಗನ ಅಪ್ಪ ಯಾರು ಗೊತ್ತೇ? ಬೆಲ್ ಲ್ಯಾಬ್ಸ್‌ನಲ್ಲೇ ದುಡಿದು, ಆಗ ಅಮೆರಿಕ ಸರ್ಕಾರದ ರಾಷ್ಟ್ರೀಯ ಭದ್ರತಾ ಸಂಸ್ಥೆಯಲ್ಲಿ ಕಂಪ್ಯೂಟರ್ ಸುರಕ್ಷತೆಯನ್ನು ನೋಡಿಕೊಳ್ಳುತ್ತಿದ್ದ ವಿಜ್ಞಾನಿ. ಮೇಷ್ಟರ ಮಗನೇ ಕ್ಲಾಸಿನಲ್ಲಿ ಪಟಾಕಿ ಹೊಡೆದಂತೆ.

ನನ್ನನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಆ ರಾತ್ರಿಯ ಇನ್ನೊಂದು ಸಂಗತಿ. ಕೈಮೀರಿದ್ದು ಕಂಡು ಹೆದರಿದ ಮಾರಿಸ್ ಹಾರ್ವರ್ಡ್‌ನಲ್ಲಿದ್ದ ಗೆಳೆಯನಿಗೆ ಹೇಳಿದ. ಆ ಗೆಳೆಯ ಬೆಳಗಿನ ಜಾವ ಹೆಸರು ಹಾಕದೆ ಒಂದು ಸಂದೇಶ ಕಳಿಸಿದ: ಇಂಥದೊಂದು ಹಬ್ಬುತ್ತಿರಬಹುದು, ತಡೆಯಲು ಈ ಮೂರು ಕೆಲಸ ಮಾಡಿ ಎಂದು. ಮೂರರಲ್ಲಿ ಒಂದು, ಆ ಫಿಂಗರ್ ಸೇವೆ ನಿಲ್ಲಿಸಿ ಅಥವಾ ತುಂಬಿ ಹರಿಯದಂತೆ ಸರಿಪಡಿಸಿ ಎನ್ನುವುದೇ. ಸರಿಯಾದ ಎಚ್ಚರಿಕೆ, ಪರಿಹಾರವೂ ಜೊತೆಗೇ. ಆದರೆ ಹುಳುವಿನ ಗಲಾಟೆಯಲ್ಲಿ ಸಂದೇಶ ಸಾಗುವ ದಾರಿಯೇ ಕಟ್ಟಿಹೋಗಿತ್ತು. ಬಹಳ ಕಡೆ ಅದು ತಲುಪಲು ಒಂದು ದಿನಕ್ಕಿಂತ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಬರ್ಕ್‌ಲಿ, ಎಂ.ಐ.ಟಿ. ಮುಂತಾದ ಕಡೆಯವರು ನಿದ್ದೆಗೆಟ್ಟು, ಹುಳುವನ್ನು ಬಿಚ್ಚಿ ನೋಡಿ, ಅದೇ ಪರಿಹಾರವನ್ನು ತಾವೇ ಕಂಡುಕೊಂಡಿದ್ದರು. 1990ರಲ್ಲಿ ಮಾರಿಸ್‌ಗೆ ಶಿಕ್ಷೆಯಾಯಿತು: ಮೂರು ವರ್ಷ ಪ್ರೊಬೇಷನ್, 400 ಗಂಟೆ ಸಮಾಜಸೇವೆ, 10,050 ಡಾಲರ್ ದಂಡ.

ಗೆಟ್ಸ್‌ಗೆ ಏನಾಯಿತು? ಏನೂ ಆಗಲಿಲ್ಲ. ಮರುವರ್ಷವೇ, 1989ರಲ್ಲಿ, ಸಿ ಭಾಷೆಗೆ ಅಮೆರಿಕದಲ್ಲಿ ಅಧಿಕೃತ ಮಾನದಂಡ ಬಂತು. ಅದರಲ್ಲಿ ಗೆಟ್ಸ್ ಗೌರವದಿಂದ ಕೂತಿತ್ತು. 1999ರ ಪರಿಷ್ಕರಣೆಯಲ್ಲೂ ಇತ್ತು. ‘ಡೆಪ್ರಿಕೇಟೆಡ್’ ಎಂಬ ಚೀಟಿ ಅಂಟಿದ್ದು 2007ರಲ್ಲಿ. ತೆಗೆದುಹಾಕಿದ್ದು 2011ರ ಮಾನದಂಡದಲ್ಲಿ. ಹುಳು ಬಂದು ಇಪ್ಪತ್ಮೂರು ವರ್ಷ! ಜಾಗ ಎಷ್ಟೆಂದು ಕೇಳಿ ತುಂಬುವ ‘ಎಫ್‌ಗೆಟ್ಸ್’ ಪಕ್ಕದಲ್ಲೇ ಇತ್ತು. ಆದರೆ ಅದು ಸಾಲಿನ ಕೊನೆಯ ಗುರುತನ್ನೂ ಜೊತೆಗೆ ಇಟ್ಟುಕೊಳ್ಳುತ್ತದೆ, ಗೆಟ್ಸ್ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಬರೀ ಹೆಸರು ಬದಲಿಸಿದರೆ ಸಾಲದು, ಒಂದೊಂದು ಕಡೆಯೂ ಕೂತು ನೋಡಬೇಕು. ಇಷ್ಟೇ ಇಷ್ಟು ಕೆಲಸ. ಇಂಥ ಇಷ್ಟೇ ಇಷ್ಟು ಕೆಲಸಗಳೇ ಇಪ್ಪತ್ತು ವರ್ಷ ಉಳಿದುಬಿಡುತ್ತವೆ; ನನ್ನ ಅಟ್ಟದ ಮೇಲಿನ ಪೆಟ್ಟಿಗೆಯೇ ಸಾಕ್ಷಿ.

ಮಾನದಂಡ ಮಾಡುವವರು ಸುಮ್ಮನಿದ್ದರೂ ಕೆಲವರು ಕೂಗುತ್ತಲೇ ಇದ್ದರು. ಲಿನಕ್ಸ್‌ನಲ್ಲಿ ಪ್ರೋಗ್ರಾಮ್ ಜೋಡಿಸುವಾಗ, ಗೆಟ್ಸ್ ಅಪಾಯಕಾರಿ, ಬಳಸಬಾರದು ಎಂಬ ಸಾಲು ಬರುತ್ತಿತ್ತು. ಬಿ.ಎಸ್.ಡಿ. ಎಂಬ ವ್ಯವಸ್ಥೆಯವರು ಇನ್ನೂ ಮುಂದೆ ಹೋಗಿ, ಪ್ರೋಗ್ರಾಮ್ ಓಡುವಾಗಲೇ “ಈ ಪ್ರೋಗ್ರಾಮ್ ಗೆಟ್ಸ್ ಬಳಸುತ್ತದೆ, ಅದು ಸುರಕ್ಷಿತವಲ್ಲ” ಎಂದು ತೋರಿಸಿದರು. ನಗು ಬರುವುದು ಇಲ್ಲೇ. ಆಗ ಆ ಸಾಲನ್ನು ಓದುವವರು ಪ್ರೋಗ್ರಾಮ್ ಬರೆದವರಲ್ಲ, ಅದನ್ನು ತಂದು ಬಳಸುತ್ತಿರುವ ಪಾಪದವರು. ಅವರು ಏನು ಮಾಡಿಯಾರು? ಬಸ್ಸಿನ ಬ್ರೇಕು ಸರಿಯಿಲ್ಲ ಎಂದು ಹಿಂದಿನ ಸೀಟಿನ ಅಜ್ಜಿಯ ಕಿವಿಯಲ್ಲಿ ಹೇಳಿದ ಹಾಗಾಯಿತು.

ನಮ್ಮ ದೇಶದ ಅನೇಕ ಕಾಲೇಜುಗಳಲ್ಲಿ ಅಷ್ಟೂ ಇರಲಿಲ್ಲ. 1990ರ ಸುಮಾರಿನ ‘ಟರ್ಬೋ ಸಿ’ಯನ್ನೇ ಹೊಸ ಶತಮಾನದ ಎರಡನೆಯ ದಶಕದವರೆಗೂ ಹಾಕಿಕೊಂಡು ಕಲಿಸಿದರು. ಆ ನೀಲಿ ಪರದೆ ಗೆಟ್ಸ್ ಬಗ್ಗೆ ಚಕಾರವೆತ್ತುತ್ತಿರಲಿಲ್ಲ. ನನ್ನ ಸೊಸೆ ಇಂಜಿನಿಯರಿಂಗ್ ಸೇರಿದ್ದು 2014ರಲ್ಲಿ. ಮೂರು ವರ್ಷದ ಹಿಂದೆ ಭಾಷೆಯಿಂದಲೇ ಕಿತ್ತುಹಾಕಿದ್ದನ್ನು ಅವಳು ಲ್ಯಾಬಿನಲ್ಲಿ ಬರೆದಳು, ರೆಕಾರ್ಡಿಗೆ ಪೂರ್ತಿ ಅಂಕವೂ ಬಂತು. “ಕೆಲಸಕ್ಕೆ ಸೇರಿ ಲಿನಕ್ಸ್‌ನಲ್ಲಿ ಆ ಸಾಲು ನೋಡಿದಾಗ ನಾಚಿಕೆಯಾಯ್ತು ಅತ್ತೆ” ಎಂದಳು. ಕಲಿಸಿದವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಹಳೆಯ ನೋಟ್ಸ್ ಇಟ್ಟುಕೊಂಡು ಪಾಠ ಮಾಡದ ಮೇಷ್ಟರು ಯಾರಿದ್ದಾರೆ?

ಜಾವಾ ಎಂಬ ಇನ್ನೊಂದು ಭಾಷೆಯವರು ಶಿಸ್ತಿನ ಜನ. 1997ರಲ್ಲೇ ಚೀಟಿ ಅಂಟಿಸುವುದಕ್ಕೊಂದು ಕ್ರಮ ಮಾಡಿದರು. ಚೀಟಿಯೇನೋ ಅಂಟಿಸಿದರು, ತೆಗೆದದ್ದು ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಇಪ್ಪತ್ತು ವರ್ಷ ಹೀಗೇ ನಡೆದ ಮೇಲೆ ಯಾರೂ ಲೆಕ್ಕಕ್ಕಿಡಲಿಲ್ಲ. ಕೊನೆಗೆ 2017ರಲ್ಲಿ “ಇದನ್ನು ನಿಜವಾಗಿಯೂ ತೆಗೆಯುತ್ತೇವೆ” ಎಂದು ಹೇಳಲು ಬೇರೆಯೇ ಒಂದು ಗುರುತು ಮಾಡಬೇಕಾಯಿತು.

ಇದನ್ನು ಕೇಳಿದಾಗ ನಾನು ಸೌತೆಕಾಯಿ ಹೆಚ್ಚುತ್ತಿದ್ದೆ. ಕೈ ನಿಂತುಹೋಯಿತು.

ಹಲವು ವರ್ಷಗಳ ಹಿಂದಿನ ಮಾತು. ವಿದ್ಯಾರ್ಥಿವೇತನದ ಅರ್ಜಿಯ ನಮೂನೆ ಬದಲಾಗಿದೆ, ಹಳೆಯದನ್ನು ಸ್ವೀಕರಿಸುವುದಿಲ್ಲ ಎಂದು ಸುತ್ತೋಲೆ ಬಂತು. ನಮ್ಮಲ್ಲಿ ಹಳೆಯ ನಮೂನೆ ಕಟ್ಟುಗಟ್ಟಲೆ ಇತ್ತು. ಅದನ್ನೇ ತುಂಬಿ ಕಳಿಸಿದೆವು, ಸ್ವೀಕರಿಸಿದರು. ಮರುವರ್ಷ ಮತ್ತೆ ಅದೇ ಸುತ್ತೋಲೆ. ಮತ್ತೆ ಹಳೆಯದನ್ನೇ ಕಳಿಸಿದೆವು, ಮತ್ತೆ ಸ್ವೀಕರಿಸಿದರು. ಮೂರನೆಯ ವರ್ಷ ಹನ್ನೊಂದು ಹುಡುಗಿಯರ ಅರ್ಜಿ ವಾಪಸು ಬಂದವು, ಕೊನೆಯ ದಿನಾಂಕ ಕಳೆದ ಮೇಲೆ. ತರಗತಿ ನನ್ನದು, ಅರ್ಜಿ ತುಂಬಿಸಿದವಳೂ ನಾನೇ. ಸುತ್ತೋಲೆಯ ಪುಸ್ತಕ ತೆಗೆದು ನೋಡಿದರೆ ಮೂರು ವರ್ಷವೂ ಅದರ ಕೆಳಗೆ “ನೋಡಿದ್ದೇನೆ” ಎಂದು ನನ್ನ ಸಹಿ, ದುಂಡಗೆ. ಹನ್ನೊಂದರಲ್ಲಿ ಒಬ್ಬಳ ತಾಯಿ ಮನೆಮನೆಗೆ ಹೂವು ಕೊಡುತ್ತಿದ್ದಳು. ಮುಂದಿನ ಜೂನ್‌ನಲ್ಲಿ ಆ ಹುಡುಗಿ ಶಾಲೆಗೆ ಬರಲಿಲ್ಲ. ಆ ಹಣವೊಂದೇ ಕಾರಣ ಎಂದು ನಾನು ಹೇಳಲಾರೆ, ಅಲ್ಲವೆಂದೂ ಹೇಳಲಾರೆ.

ಸೊಸೆಗೆ ಇದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನದೊಂದು ಕಥೆ ತೆಗೆದಳು. ಅವಳು ಕೆಲಸ ಮಾಡುವುದು ಪೈಥಾನ್ ಎಂಬ ಭಾಷೆಯಲ್ಲಿ. ಅದರಲ್ಲಿ ಈ ಎಚ್ಚರಿಕೆಗಳು ಬಳಸುವವರಿಗೆಲ್ಲ ಕಾಣಿಸಿ ಕಿರಿಕಿರಿಯಾಗುತ್ತದೆಂದು 2010ರಿಂದ ಅವನ್ನು ಮರೆಮಾಡಿದರು. ಬೇಕೆಂದು ಕೇಳಿದರೆ ಮಾತ್ರ ಕಾಣುತ್ತಿದ್ದವು. ಅಜ್ಜಿಗೆ ನೆಮ್ಮದಿಯಾಯಿತು, ಆದರೆ ಡ್ರೈವರಿಗೂ ಕೇಳಿಸದಂತಾಯಿತು. 2018ರಲ್ಲಿ ತಪ್ಪು ತಿದ್ದಿಕೊಂಡು, ಪ್ರೋಗ್ರಾಮ್ ಬರೆಯುವವರು ತಾವೇ ನೇರವಾಗಿ ಓಡಿಸುವ ಭಾಗದಲ್ಲಿದ್ದರೆ ಕಾಣುವಂತೆ ಮಾಡಿದರು. ಇದೇ ಭಾಷೆಯಲ್ಲಿ ‘ಕಲೆಕ್ಷನ್ಸ್’ ಎಂಬ ಲೈಬ್ರರಿಯ ಕೆಲವು ಹೆಸರುಗಳನ್ನು 2012ರಲ್ಲಿ ಬೇರೆ ಮನೆಗೆ ಸಾಗಿಸಿ, ಹಳೆಯ ವಿಳಾಸದಲ್ಲೂ ಸಿಗುವಂತೆ ಬಿಟ್ಟಿದ್ದರು. 3.8ರಲ್ಲಿ ನಿಲ್ಲುತ್ತದೆ ಎಂದರು, ನಿಲ್ಲಲಿಲ್ಲ. 3.9ರಲ್ಲಿ ಎಂದರು, ಹಲವರಿಗೆ ತೊಂದರೆಯಾಗುತ್ತದೆಂದು ಮತ್ತೆ ಮುಂದೂಡಿದರು. 2021ರ ಅಕ್ಟೋಬರ್‌ನಲ್ಲಿ 3.10 ಬಂದಾಗ ನಿಜವಾಗಿಯೂ ತೆಗೆದರು. ಅದನ್ನು ಹಾಕಿಕೊಂಡ ಕಡೆ ಎಷ್ಟೋ ಪ್ರೋಗ್ರಾಮುಗಳು ಶುರುವಾಗುವಾಗಲೇ ನಿಂತುಹೋದವು. ಸೊಸೆಯ ಆಫೀಸಿನಲ್ಲೂ ಒಂದು ನಿಂತಿತು.

“ನಾವು ಬರೆದದ್ದು ಸರಿಯಾಗೇ ಇತ್ತು ಅತ್ತೆ. ನಾವು ತಂದುಕೊಂಡಿದ್ದ ಬೇರೆಯವರ ಲೈಬ್ರರಿಯೊಳಗೆ ಹಳೇ ಹೆಸರಿತ್ತು. ರಾತ್ರಿ ಮೂರು ಗಂಟೆಗೆ ಸಿಕ್ಕಿತು.”

“ಅದಕ್ಕೂ ಹಳದಿ ಸಾಲು ಬಂದಿರಲಿಲ್ವಾ?”

“ಬರೋ ಹಾಗೆ ಇಟ್ಕೊಂಡಿರಲಿಲ್ಲ. ಈಗ ಎಲ್ಲಾ ಕಾಣೋ ಹಾಗೆ ಇಟ್ಕೊಂಡಿದೀವಿ.”

“ಇಟ್ಕೊಂಡು?”

ಅವಳು ನಕ್ಕಳು. ಉತ್ತರ ಹೇಳಲಿಲ್ಲ.

ಬಲಿಪಾಡ್ಯಮಿಯ ರಾತ್ರಿ ಎಲ್ಲರ ಊಟವಾದ ಮೇಲೆ ನಡುಮನೆಯಲ್ಲಿ ದೀಪ ಉರಿಯುತ್ತಿತ್ತು. ಹೋಗಿ ನೋಡಿದರೆ ಸೊಸೆ ಕೂತಿದ್ದಾಳೆ. “ಒಟ್ಟು ಎಷ್ಟಿವೆ ಅಂತ ಎಣಿಸಿದೆ ಅತ್ತೆ. ನೂರಾ ನಲವತ್ತು. ಅರ್ಧಕ್ಕೆ ಅರ್ಧ ಒಂದೇ ಥರದವು.” ನಾನು ಒಂದು ಲೋಟ ಹಾಲು ಕೊಟ್ಟು ಬಂದು ಮಲಗಿದೆ.

ಆಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ಊಟ, ತಿಂಡಿ, ಕೆಮ್ಮು, ನೆಗಡಿ ಎಲ್ಲ ವಿಚಾರಿಸಿದ ಮೇಲೆ ಆ ಲೆಕ್ಕವನ್ನೂ ಕೇಳುತ್ತೇನೆ. ಮಗನಿಗೆ ನಮ್ಮ ಮಾತು ಅರ್ಥವಾಗುವುದಿಲ್ಲ. ಸಂಕ್ರಾಂತಿಯ ಹೊತ್ತಿಗೆ ನಾಲ್ಕು ಉಳಿದಿದ್ದವು. ಆ ನಾಲ್ಕೂ ಅವರ ಕೈಯಲ್ಲಿಲ್ಲ, ಬೇರೆಯವರ ಲೈಬ್ರರಿಯವು. ಬರೆದವರಿಗೆ, ಎಲ್ಲಿ ಏನು ಬದಲಿಸಬೇಕು ಎಂಬುದನ್ನೂ ಸೇರಿಸಿ ಕಳಿಸಿದ್ದಾಳಂತೆ.

“ಉತ್ತರ ಬಂತಾ?”

“ಎರಡಕ್ಕೆ ಬಂತು ಅತ್ತೆ. ಇನ್ನೆರಡು, ನೋಡಿದಾರೋ ಇಲ್ವೋ ಗೊತ್ತಿಲ್ಲ.”