ಕ್ರೈಸ್ತ ಶ್ರದ್ಧೆ ಮತ್ತು ಜೀವವಿಕಾಸವಾದ: ಸತ್ಯ, ನೀತಿಗಳ ಅಧಿಕಾರದ ಇತಿಹಾಸ

ಜೀವಿಗಳ ಉಗಮದ ಬಗ್ಗೆ ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಮಂಡಿಸಿದ ಸಿದ್ಧಾಂತಕ್ಕೂ ಕ್ರೈಸ್ತ ಶ್ರದ್ಧೆಗೂ ನಡುವೆ ಎದ್ದ ವಾಗ್ವಾದ ಆಧುನಿಕ ಯುರೋಪ್ ಮತ್ತು ಅಮೆರಿಕಗಳ ಚಿಂತನೆಯ ಇತಿಹಾಸದಲ್ಲಿ ದೊಡ್ಡದೊಂದು ಅಧ್ಯಾಯ. ಇದರಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ನಿಸರ್ಗದ ಬಗ್ಗೆ ಯಾವುದು ನಿಜ ಎಂದು ಹೇಳುವ ಅಧಿಕಾರ ಯಾರದು ಎಂಬುದು ಒಂದು. ಮನುಷ್ಯ ಹೇಗೆ ಬಾಳಬೇಕು ಎಂದು ಹೇಳುವ ಅಧಿಕಾರ ಯಾರದು ಎಂಬುದು ಇನ್ನೊಂದು. ಜನಪ್ರಿಯ ಬರಹಗಳು ಮೊದಲನೆಯದನ್ನೇ ಎತ್ತಿ ಹಿಡಿದು, ಬೈಬಲಿನ ಆದಿಕಾಂಡಕ್ಕೂ ಪಳೆಯುಳಿಕೆಗಳಿಗೂ ನಡೆದ ಯುದ್ಧವೆಂಬಂತೆ ಈ ಕಥೆಯನ್ನು ಹೇಳುತ್ತ ಬಂದಿವೆ. ಆ ಕಾಲದ ದಾಖಲೆಗಳು ಹೇಳುವುದು ಬೇರೆ. ಸಂಗತಿಗಳ ಮೇಲಿನ ಜಗಳ ಇಂಗ್ಲೆಂಡಿನ ವಿದ್ಯಾವಂತ ಪಾದ್ರಿಗಳ ಬಹುಪಾಲಿಗೆ ಎರಡು ಮೂರು ದಶಕಗಳಲ್ಲೇ ತಣ್ಣಗಾಯಿತು. ಆರದೆ ಉಳಿದದ್ದು ನೀತಿಯ ಪ್ರಶ್ನೆ. ಅಲ್ಲಿ ಧರ್ಮಗ್ರಂಥವಾಗಲಿ ಜೀವವಿಜ್ಞಾನವಾಗಲಿ ತಾನೊಂದೇ ಸಾಕೆಂದು ತೋರಿಸಿಕೊಟ್ಟದ್ದಿಲ್ಲ. ಎರಡನ್ನೂ ಮನುಷ್ಯರ ನೋವು ಮತ್ತು ಅನುಭವದಿಂದ ಬಂದ ವಿವೇಕವೇ ಮತ್ತೆ ಮತ್ತೆ ತಿದ್ದಬೇಕಾಯಿತು.

ಡಾರ್ವಿನ್‌ಗೆ ಮುಂಚಿನ ಇಂಗ್ಲೆಂಡಿನಲ್ಲಿ ಈ ಎರಡು ಪ್ರಶ್ನೆಗಳಿಗೆ ಒಂದೇ ಉತ್ತರ ಸಿದ್ಧವಿತ್ತು. 1802ರಲ್ಲಿ ವಿಲಿಯಂ ಪೇಲಿ ಬರೆದ ‘ನ್ಯಾಚುರಲ್ ಥಿಯಾಲಜಿ’ಯ ವಾದ ಇದು: ಕಣ್ಣು, ರೆಕ್ಕೆ, ಕೀಲುಗಳ ಜಾಣ ರಚನೆ ಒಬ್ಬ ಕರ್ತೃವನ್ನು ಸೂಚಿಸುತ್ತದೆ, ಜೀವಿಗಳಿಗೆ ಅದರಿಂದ ಸಿಗುವ ಸುಖ ಆ ಕರ್ತೃ ದಯಾಳುವೆಂದು ಸಾರುತ್ತದೆ. ಅಂದರೆ ನಿಸರ್ಗವನ್ನು ನೋಡಿದರೆ ಸತ್ಯವೂ ಸಿಗುತ್ತದೆ, ಒಳ್ಳೆಯತನಕ್ಕೆ ಆಧಾರವೂ ಸಿಗುತ್ತದೆ. ಪಾದ್ರಿಯಾಗಲೆಂದು ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜು ಸೇರಿದ್ದ ತರುಣ ಡಾರ್ವಿನ್ ಪೇಲಿಯನ್ನು ಮೆಚ್ಚಿ ಓದಿದ್ದ. ಆರು ದಿನಗಳ ಸೃಷ್ಟಿಯನ್ನು ಅಕ್ಷರಶಃ ನಂಬುವ ಪರಿಪಾಟ ಆಗಲೇ ಸಡಿಲಗೊಂಡಿತ್ತು ಎಂಬುದನ್ನು ಗಮನಿಸಬೇಕು. ಅದನ್ನು ಸಡಿಲಿಸಿದವರು ನಾಸ್ತಿಕರಲ್ಲ. ದೀಕ್ಷೆ ಪಡೆದ ಪಾದ್ರಿಗಳೇ ಆಗಿದ್ದ ವಿಲಿಯಂ ಬಕ್‌ಲ್ಯಾಂಡ್, ಆಡಮ್ ಸೆಜ್‌ವಿಕ್‌ರಂಥ ಭೂವಿಜ್ಞಾನಿಗಳು. ನಿಸರ್ಗದ ವಿಷಯದಲ್ಲಿ ತಿಳಿಯದೆ ಮಾತಾಡಿ ಧರ್ಮಗ್ರಂಥವನ್ನು ನಗೆಪಾಟಲು ಮಾಡಬೇಡಿ ಎಂದು 5ನೆಯ ಶತಮಾನದಲ್ಲೇ ಸಂತ ಅಗಸ್ಟೀನ್ ಕ್ರೈಸ್ತರನ್ನು ಎಚ್ಚರಿಸಿದ್ದ. ಹೀಗಾಗಿ ನಿಸರ್ಗದ ಆಯ್ಕೆ ಎಂಬ ಡಾರ್ವಿನ್ನನ ಸಿದ್ಧಾಂತದಿಂದ ನಿಜವಾದ ಪೆಟ್ಟು ಬಿದ್ದದ್ದು ಆದಿಕಾಂಡಕ್ಕಿಂತ ಹೆಚ್ಚಾಗಿ ಪೇಲಿಗೆ. ಕರ್ತೃವಿಲ್ಲದೆಯೂ ಜಾಣ ರಚನೆ ಮೂಡಬಲ್ಲದು ಎಂದಾದಾಗ, ನಿಸರ್ಗ ದಯೆಗೆ ಸಾಕ್ಷಿ ಹೇಳುತ್ತದೆ ಎಂಬ ಮಾತೂ ಕುಸಿಯಿತು. 1860ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ ಪತ್ರದಲ್ಲಿ ಡಾರ್ವಿನ್ ತೋಡಿಕೊಂಡ ಸಂಕಟವೂ ಇದೇ: ಜೀವಂತ ಕಂಬಳಿಹುಳುವಿನ ಒಳಗೆ ಮರಿಗಳನ್ನು ಬೆಳೆಸಿ ಅದನ್ನು ತಿನ್ನಿಸುವ ಕಣಜವನ್ನು ದಯಾಮಯನಾದ ದೇವರು ಬೇಕೆಂದೇ ಸೃಷ್ಟಿಸಿದ ಎಂದು ಅವನಿಗೆ ನಂಬಲಾಗಲಿಲ್ಲ.

‘ಆರಿಜಿನ್ ಆಫ್ ಸ್ಪೀಶೀಸ್’ 1859ರ ನವೆಂಬರ್‌ನಲ್ಲಿ 1,250 ಪ್ರತಿಗಳಲ್ಲಿ ಅಚ್ಚಾಯಿತು. ಅದನ್ನು ಮೊದಲಿಗೆ ಸ್ವಾಗತಿಸಿದವರಲ್ಲಿ ಪಾದ್ರಿ ಮತ್ತು ಕಾದಂಬರಿಕಾರ ಚಾರ್ಲ್ಸ್ ಕಿಂಗ್ಸ್‌ಲೀ ಒಬ್ಬ. ಅವನ ಮೆಚ್ಚುಗೆಯ ಮಾತನ್ನು ಡಾರ್ವಿನ್ ಎರಡನೆಯ ಆವೃತ್ತಿಯಲ್ಲಿ ಸೇರಿಸಿಕೊಂಡ. ಕಟ್ಟಾ ಪ್ರೆಸ್ಬಿಟೇರಿಯನ್ ಆಗಿದ್ದ ಏಸಾ ಗ್ರೇ ಅಮೆರಿಕದಲ್ಲಿ ಈ ಸಿದ್ಧಾಂತದ ಮುಖ್ಯ ವಕೀಲನಾದ. 1860ರ ಜೂನ್ 30ರಂದು ಆಕ್ಸ್‌ಫರ್ಡ್‌ನಲ್ಲಿ ಬಿಷಪ್ ಸ್ಯಾಮ್ಯುಯೆಲ್ ವಿಲ್ಬರ್‌ಫೋರ್ಸ್‌ಗೂ ಡಾರ್ವಿನ್ನನ ಬೆಂಬಲಿಗ ಥಾಮಸ್ ಹಕ್ಸ್‌ಲೀಗೂ ನಡೆದ ಮಾತಿನ ಚಕಮಕಿ ದಂತಕಥೆಯೇ ಆಗಿಬಿಟ್ಟಿದೆ. ಆದರೆ ಅದೇ ಬಿಷಪ್ ಬರೆದ ವಿಮರ್ಶೆ ಸಿದ್ಧಾಂತದ ದುರ್ಬಲ ಜಾಗಗಳನ್ನು ಚೆನ್ನಾಗಿ ಹಿಡಿದಿದೆ ಎಂದು ಡಾರ್ವಿನ್ ತಾನೇ ಒಪ್ಪಿದ್ದ. ಇಂಗ್ಲೆಂಡಿನ ಚರ್ಚನ್ನು ಆಗ ಹೆಚ್ಚು ಕಲಕಿದ್ದು ಡಾರ್ವಿನ್ನನ ಪುಸ್ತಕವಲ್ಲ, ಬೈಬಲನ್ನು ಇತರ ಗ್ರಂಥಗಳಂತೆ ವಿಮರ್ಶೆಗೆ ಒಡ್ಡಬೇಕೆಂದ ‘ಎಸ್ಸೇಸ್ ಅಂಡ್ ರಿವ್ಯೂಸ್’ ಎಂಬ 1860ರ ಸಂಕಲನ. ಅದರ ಲೇಖಕರಲ್ಲೊಬ್ಬನಾದ ಫ್ರೆಡರಿಕ್ ಟೆಂಪಲ್ 1884ರ ಉಪನ್ಯಾಸಗಳಲ್ಲಿ ವಿಕಾಸವನ್ನು ಬಹಿರಂಗವಾಗಿ ಒಪ್ಪಿ, ಮುಂದೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆದ. 1882ರಲ್ಲಿ ಡಾರ್ವಿನ್ನನ ಶವಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಜಾಗ ಸಿಕ್ಕಿತು. ವಿರೋಧವೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಪ್ರಿನ್ಸ್‌ಟನ್‌ನ ದೇವತಾಶಾಸ್ತ್ರಜ್ಞ ಚಾರ್ಲ್ಸ್ ಹಾಜ್ 1874ರಲ್ಲಿ ಡಾರ್ವಿನ್‌ವಾದವನ್ನು ನಾಸ್ತಿಕವಾದವೆಂದೇ ಕರೆದ. ಆದರೆ ಹಾಜ್‌ನ ತಕರಾರು ಜೀವಿಗಳ ವಂಶಾನುಕ್ರಮದ ಮೇಲಲ್ಲ. ಸೃಷ್ಟಿಯಲ್ಲಿ ಉದ್ದೇಶವೇ ಇಲ್ಲವೆಂಬ ಸೂಚನೆಯ ಮೇಲೆ. ಧರ್ಮ ಮತ್ತು ವಿಜ್ಞಾನಗಳದ್ದು ಸನಾತನ ಯುದ್ಧ ಎಂಬ ಚಿತ್ರವನ್ನು ಗಟ್ಟಿಮಾಡಿದ್ದು ಜಾನ್ ಡ್ರೇಪರ್ 1874ರಲ್ಲೂ ಆಂಡ್ರೂ ವೈಟ್ 1896ರಲ್ಲೂ ಪ್ರಕಟಿಸಿದ ಪುಸ್ತಕಗಳು. ಇಂದಿನ ಇತಿಹಾಸಕಾರರು ಆ ಚಿತ್ರವನ್ನು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ.

ನೀತಿಯ ಪ್ರಶ್ನೆ ನೇರವಾಗಿ ಎದ್ದದ್ದು 1871ರಲ್ಲಿ ‘ದಿ ಡಿಸೆಂಟ್ ಆಫ್ ಮ್ಯಾನ್’ ಬಂದಾಗ. ಗುಂಪಿನಲ್ಲಿ ಬಾಳುವ ಪ್ರಾಣಿಗಳ ಪರಸ್ಪರ ಮಮತೆಯೇ ನೆನಪು, ಭಾಷೆ, ವಿವೇಚನೆಗಳೊಡನೆ ಕೂಡಿ ಮನುಷ್ಯನ ಅಂತಃಸಾಕ್ಷಿಯಾಯಿತು ಎಂದು ಡಾರ್ವಿನ್ ವಾದಿಸಿದ. ಮನುಷ್ಯರು ಜೇನುಹುಳುಗಳ ಹಾಗೆ ಬೆಳೆದಿದ್ದರೆ ಸೋದರರನ್ನು ಕೊಲ್ಲುವುದೇ ಹೆಣ್ಣುಗಳಿಗೆ ಪವಿತ್ರ ಕರ್ತವ್ಯವೆನಿಸುತ್ತಿತ್ತು ಎಂದೂ ಸೇರಿಸಿದ. ಈ ಮಾತಿಗೆ ಬೆಚ್ಚಿಬಿದ್ದವರಲ್ಲಿ ಲೇಖಕಿ ಫ್ರಾನ್ಸಿಸ್ ಪವರ್ ಕಾಬ್ ಒಬ್ಬಳು. ಈ ಸಿದ್ಧಾಂತ ಜನರ ತಲೆಗೆ ಹೊಕ್ಕರೆ ನೀತಿಯ ಬುಡವೇ ಅಲ್ಲಾಡುತ್ತದೆ ಎಂಬುದು ಆಕೆಯ ಆಕ್ಷೇಪ. ಅದನ್ನು ತಳ್ಳಿಹಾಕುವುದು ಸುಲಭವಲ್ಲ, ಆದರೆ ಡಾರ್ವಿನ್ನನ ಬಾಳೇ ಅದಕ್ಕೆ ಒಂದು ಉತ್ತರ. 1832ರಲ್ಲಿ ಬ್ರೆಜಿಲ್‌ನಲ್ಲಿ ಅವನು ಪಯಣಿಸುತ್ತಿದ್ದ ಬೀಗಲ್ ಹಡಗಿನ ಕ್ಯಾಪ್ಟನ್ ಫಿಟ್ಸ್‌ರಾಯ್ ಗುಲಾಮಗಿರಿಯನ್ನು ಸಮರ್ಥಿಸಿ, ತಮಗೆ ಬಿಡುಗಡೆ ಬೇಡವೆಂದು ಗುಲಾಮರೇ ಒಡೆಯನ ಮುಂದೆ ಹೇಳಿದ್ದನ್ನು ಕೇಳಿದೆನೆಂದ. ಒಡೆಯನ ಎದುರು ಆಡಿದ ಮಾತಿಗೆ ಏನು ಬೆಲೆ ಎಂದು ಡಾರ್ವಿನ್ ಕೇಳಿದ್ದಕ್ಕೆ ಇಬ್ಬರ ನಡುವೆ ಜಗಳವೇ ಆಯಿತು. ಡಾರ್ವಿನ್ನನ ಈ ಸಿಟ್ಟು ಯಾವ ಸಿದ್ಧಾಂತದಿಂದಲೂ ಬಂದದ್ದಲ್ಲ, ಸಿದ್ಧಾಂತ ಆಗಿನ್ನೂ ಹುಟ್ಟಿರಲಿಲ್ಲ. ಅದು ಅಜ್ಜ ಜೊಸಾಯಾ ವೆಜ್‌ವುಡ್ ಗುಲಾಮಗಿರಿಯ ವಿರುದ್ಧ ಪದಕಗಳನ್ನು ಮಾಡಿ ಹಂಚಿದ ಮನೆತನದಿಂದ ಬಂದದ್ದು. ಆಕ್ಸ್‌ಫರ್ಡ್‌ನಲ್ಲಿ ಡಾರ್ವಿನ್ನನ ಸಿದ್ಧಾಂತವನ್ನು ಟೀಕಿಸಿದ ವಿಲ್ಬರ್‌ಫೋರ್ಸ್ ಗುಲಾಮ ವ್ಯಾಪಾರದ ವಿರುದ್ಧ ಹೋರಾಡಿ ಗೆದ್ದ ವಿಲಿಯಂ ವಿಲ್ಬರ್‌ಫೋರ್ಸ್‌ನ ಮಗ. ಅದೇ ಸಭೆಯಲ್ಲಿ ಬೈಬಲನ್ನು ಎತ್ತಿ ಹಿಡಿದು ಡಾರ್ವಿನ್ನನನ್ನು ಖಂಡಿಸಿದವನೆಂದು ವರದಿಯಾಗಿರುವವನು ಫಿಟ್ಸ್‌ರಾಯ್. ಒಂದೇ ಬೈಬಲ್ ಒಬ್ಬ ಕ್ರೈಸ್ತನನ್ನು ಗುಲಾಮಗಿರಿಯ ಶತ್ರುವಾಗಿಯೂ ಇನ್ನೊಬ್ಬನನ್ನು ಅದರ ವಕೀಲನಾಗಿಯೂ ಉಳಿಸಿತ್ತು. 1845ರಲ್ಲಿ ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಸಂಘಟನೆ ಹುಟ್ಟಿದ್ದೇ ಗುಲಾಮರನ್ನು ಇಟ್ಟುಕೊಳ್ಳುವ ಹಕ್ಕಿನ ಜಗಳದಲ್ಲಿ. ಅದು ಕ್ಷಮೆ ಕೇಳಿದ್ದು 1995ರಲ್ಲಿ.

ವಿಕಾಸದಿಂದಲೇ ನೀತಿಯನ್ನು ಕಡೆಯಲು ಹೊರಟವರಲ್ಲಿ ಹರ್ಬರ್ಟ್ ಸ್ಪೆನ್ಸರ್ ಮೊದಲಿಗ. ಅರ್ಹವಾದುದೇ ಉಳಿಯುತ್ತದೆ ಎಂಬ ಘೋಷವಾಕ್ಯ ಅವನದು, ಡಾರ್ವಿನ್ನನದಲ್ಲ. ರಷ್ಯದ ಚಿಂತಕ ಕ್ರಪಾಟ್ಕಿನ್ 1902ರಲ್ಲಿ ಅದೇ ನಿಸರ್ಗವನ್ನು ನೋಡಿ ಪರಸ್ಪರ ಸಹಾಯವೇ ಅದರ ನಿಯಮವೆಂದ. ಒಬ್ಬನಿಗೆ ನಿಸರ್ಗದಲ್ಲಿ ಸ್ಪರ್ಧೆ, ಇನ್ನೊಬ್ಬನಿಗೆ ಸಹಕಾರ ಕಂಡಿದ್ದರೆ, ತನಗೆ ಬೇಕಾದ್ದನ್ನು ಆರಿಸಿಕೊಳ್ಳುವ ಅಳತೆಗೋಲನ್ನು ಇಬ್ಬರೂ ಮೊದಲೇ ಕೈಯಲ್ಲಿ ಹಿಡಿದಿದ್ದರೆಂದಾಯಿತು. ಇದನ್ನು ನಿಚ್ಚಳವಾಗಿ ಕಂಡವನು ಡಾರ್ವಿನ್ನನ ಕಟ್ಟಾ ಬೆಂಬಲಿಗ ಹಕ್ಸ್‌ಲೀ. 1893ರ ಆಕ್ಸ್‌ಫರ್ಡ್ ಉಪನ್ಯಾಸದಲ್ಲಿ ಅವನು, ಸಮಾಜದ ನೈತಿಕ ಮುನ್ನಡೆ ಇರುವುದು ವಿಶ್ವದ ವಿಕಾಸಕ್ರಮವನ್ನು ಅನುಕರಿಸುವುದರಲ್ಲಿ ಅಲ್ಲ, ಅದನ್ನು ಎದುರಿಸುವುದರಲ್ಲಿ ಎಂದು ಸಾರಿದ. ಆ ಎದುರಿಸುವ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಅವನ ಬಳಿಯೂ ಪೂರ್ಣ ಉತ್ತರವಿರಲಿಲ್ಲ.

ಈ ಎಚ್ಚರಿಕೆಯನ್ನು ಕಡೆಗಣಿಸಿದ್ದರ ಬೆಲೆ ಸಂತಾನವನ್ನು ಆಯ್ದು ಮನುಕುಲವನ್ನು ಸುಧಾರಿಸಹೊರಟ ಯೂಜೆನಿಕ್ಸ್ ಎಂಬ ಸುಜನನಶಾಸ್ತ್ರದಲ್ಲಿ ಕಾಣುತ್ತದೆ. ಡಾರ್ವಿನ್ನನ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್ 1883ರಲ್ಲಿ ಆ ಹೆಸರಿಟ್ಟ. 1912ರಲ್ಲಿ ಲಂಡನ್‌ನಲ್ಲಿ ಸೇರಿದ ಅದರ ಮೊದಲ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಡಾರ್ವಿನ್ನನ ಮಗ ಲಿಯೊನಾರ್ಡ್ ಅಧ್ಯಕ್ಷ. ದುರ್ಬಲರನ್ನು ಕಾಪಾಡುವುದರಿಂದ ಸಂತತಿ ಕೆಡಬಹುದೆಂದು ಡಾರ್ವಿನ್ ತಾನೂ ಬರೆದಿದ್ದ. ಆದರೆ ಅವರನ್ನು ಕೈಬಿಟ್ಟರೆ ನಮ್ಮ ಸ್ವಭಾವದ ಅತ್ಯುತ್ತಮ ಭಾಗವೇ ಕೆಡುತ್ತದೆ ಎಂದೂ ಕೂಡಲೇ ಹೇಳಿದ್ದ. ಶಿಷ್ಯರು ಮೊದಲರ್ಧವನ್ನು ಇಟ್ಟುಕೊಂಡರು. ಅಮೆರಿಕದ ಹಲವು ರಾಜ್ಯಗಳು ಬುದ್ಧಿಮಾಂದ್ಯರೆಂದು ಹಣೆಪಟ್ಟಿ ಹಚ್ಚಿದವರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವ ಕಾನೂನು ತಂದವು. ಒಟ್ಟು 60,000ಕ್ಕೂ ಹೆಚ್ಚು ಜನ ಅದಕ್ಕೆ ತುತ್ತಾದರು. ವರ್ಜೀನಿಯದ ಕ್ಯಾರೀ ಬಕ್ ಎಂಬ ತರುಣಿಯ ಮೊಕದ್ದಮೆಯಲ್ಲಿ 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 8-1ರ ಬಹುಮತದಿಂದ ಆ ಕಾನೂನನ್ನು ಎತ್ತಿಹಿಡಿಯಿತು. ಭಿನ್ನಮತ ದಾಖಲಿಸಿದ ಒಬ್ಬನೇ ನ್ಯಾಯಮೂರ್ತಿ ಕ್ಯಾಥೊಲಿಕನಾದ ಪಿಯರ್ಸ್ ಬಟ್ಲರ್. 1930ರ ಕೊನೆಯಲ್ಲಿ ಪೋಪ್ 11ನೆಯ ಪಯಸ್ ಇಂಥ ಕಾನೂನುಗಳನ್ನು ಖಂಡಿಸಿದ. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಧರ್ಮವೇ ಗೆದ್ದಂತೆ ತೋರುತ್ತದೆ. ಆದರೆ ಲಂಡನ್‌ನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಡೀನ್ ಇಂಗ್ ಸುಜನನಶಾಸ್ತ್ರದ ಬಹಿರಂಗ ಬೆಂಬಲಿಗ. 1926ರಲ್ಲಿ ಅಮೆರಿಕದ ಯೂಜೆನಿಕ್ಸ್ ಸೊಸೈಟಿ ಈ ವಿಷಯದ ಮೇಲೆ ಪಾದ್ರಿಗಳಿಗೆ ಪ್ರವಚನ ಸ್ಪರ್ಧೆ ಇಟ್ಟಾಗ ಉತ್ಸಾಹದಿಂದ ಭಾಗವಹಿಸಿದವರಿದ್ದರು. ಇದು ವಿಜ್ಞಾನದ ದುರುಪಯೋಗ ಮಾತ್ರ, ವಿಜ್ಞಾನದ ತಪ್ಪಲ್ಲ ಎಂಬ ವಾದ ಉಂಟು. ಆ ಕಾಲದ ಆನುವಂಶಿಕತೆಯ ಲೆಕ್ಕಾಚಾರ ಹುಸಿಯಾಗಿತ್ತು ಎಂಬ ಮಟ್ಟಿಗೆ ಅದು ಸರಿ. ಆದರೆ ಲೆಕ್ಕ ಸರಿಯಿದ್ದಿದ್ದರೂ ಆ ಶಸ್ತ್ರಚಿಕಿತ್ಸೆ ಅನ್ಯಾಯವೇ ಆಗುತ್ತಿತ್ತು, ಮತ್ತು ಅದನ್ನು ಅನ್ಯಾಯವೆಂದು ಹೇಳಲು ಯಾವ ತಳಿಶಾಸ್ತ್ರವೂ ಬೇಕಿರಲಿಲ್ಲ.

1925ರಲ್ಲಿ ಟೆನೆಸಿಯ ಡೇಟನ್‌ನಲ್ಲಿ ವಿಕಾಸವಾದ ಕಲಿಸಿದನೆಂದು ಶಾಲಾಶಿಕ್ಷಕ ಜಾನ್ ಸ್ಕೋಪ್ಸ್‌ನ ಮೇಲೆ ನಡೆದ ವಿಚಾರಣೆಯನ್ನು ಈ ಹಿನ್ನೆಲೆಯಲ್ಲಿ ಮತ್ತೆ ನೋಡಬೇಕು. ಅಲ್ಲಿ ವಿಕಾಸವಾದದ ವಿರುದ್ಧ ವಾದಿಸಿದ ವಿಲಿಯಂ ಜೆನಿಂಗ್ಸ್ ಬ್ರಯನ್ ಇಂದು ಮೂಢನಂಬಿಕೆಗೆ ಪರ್ಯಾಯನಾಮ. ಆದರೆ ಸೃಷ್ಟಿಯ ದಿನಗಳು 24 ಗಂಟೆಯವೇ ಆಗಬೇಕಿಲ್ಲ ಎಂದು ಅವನು ಕಟಕಟೆಯಲ್ಲೇ ಒಪ್ಪಿದ. ಅವನನ್ನು ಕಾಡಿದ್ದು ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನಾಧಿಕಾರಿಗಳು ಬಲವೇ ನ್ಯಾಯವೆಂಬುದಕ್ಕೆ ವಿಕಾಸವಾದವನ್ನು ಆಧಾರವಾಗಿ ಬಳಸಿದ್ದು. ಸ್ಕೋಪ್ಸ್ ಬಳಸಿದ ಪಠ್ಯಪುಸ್ತಕವಾದರೂ ಬಿಳಿಯರನ್ನು ಮನುಕುಲದ ಮೇಲ್ದರ್ಜೆಯವರೆಂದು ಕಲಿಸಿ ಸುಜನನಶಾಸ್ತ್ರವನ್ನು ಹೊಗಳಿತ್ತು. ಜೀವವಿಜ್ಞಾನದಲ್ಲಿ ಬ್ರಯನ್ ತಪ್ಪಿದ್ದ. ಅವನ ಭಯ ಪೂರ್ತಿ ಪೊಳ್ಳಲ್ಲ. 1961ರ ನಂತರ ಅಮೆರಿಕದಲ್ಲಿ ಬಲಗೊಂಡ ಸೃಷ್ಟಿವಾದಕ್ಕೆ ಈ ಅರ್ಧ ಸಮರ್ಥನೆಯೂ ಸಲ್ಲದು. ಭೂಮಿಗೆ ಕೆಲವೇ ಸಾವಿರ ವರ್ಷ ವಯಸ್ಸೆಂದು ಅದು ವಿಜ್ಞಾನದ ವೇಷದಲ್ಲೇ ವಾದಿಸಿತು. 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಶಾಲೆಗಳಿಂದ ಹೊರಗಿಟ್ಟ ಬಳಿಕ, ಒಂದು ಪಠ್ಯಪುಸ್ತಕದ ಕರಡಿನಲ್ಲಿ ‘ಸೃಷ್ಟಿ’ ಎಂಬ ಮಾತಿದ್ದ ಕಡೆಯಲ್ಲೆಲ್ಲ ‘ಬುದ್ಧಿಪೂರ್ವಕ ವಿನ್ಯಾಸ’ ಎಂದು ತಿದ್ದಲಾಯಿತು. ಈ ವಿನ್ಯಾಸವಾದವನ್ನು ಶಾಲೆಯಲ್ಲಿ ಕಲಿಸುವುದರ ಮೇಲೆ 2005ರಲ್ಲಿ ನಡೆದ ಡೋವರ್ ಮೊಕದ್ದಮೆಯಲ್ಲಿ ಈ ತಿದ್ದುಪಡಿಗಳೇ ಸಾಕ್ಷ್ಯವಾದವು. ಅಲ್ಲಿ ವಿಕಾಸದ ಪರವಾಗಿ ನುಡಿದ ಮುಖ್ಯ ತಜ್ಞಸಾಕ್ಷಿ ಕೆನೆತ್ ಮಿಲ್ಲರ್ ಶ್ರದ್ಧಾವಂತ ಕ್ಯಾಥೊಲಿಕ್.

ವಿಜ್ಞಾನದ ಕಡೆಯಿಂದ ನೀತಿಯ ವಿವರಣೆ ಈ ನಡುವೆ ಬಹಳ ಮುಂದೆ ಹೋಯಿತು. 1964ರಲ್ಲಿ ವಿಲಿಯಂ ಹ್ಯಾಮಿಲ್ಟನ್ ರಕ್ತಸಂಬಂಧಿಗಳಿಗಾಗಿ ಮಾಡುವ ತ್ಯಾಗವನ್ನು ಗಣಿತದಿಂದ ವಿವರಿಸಿದ. 1971ರಲ್ಲಿ ರಾಬರ್ಟ್ ಟ್ರಿವರ್ಸ್ ಸಂಬಂಧವಿಲ್ಲದವರ ನಡುವಿನ ಕೊಡುಕೊಳೆಯ ಉಪಕಾರವನ್ನು ವಿವರಿಸಿದ. ನೀತಿಶಾಸ್ತ್ರವನ್ನು ಸ್ವಲ್ಪ ಕಾಲ ತತ್ತ್ವಜ್ಞರ ಕೈಯಿಂದ ಬಿಡಿಸಿಕೊಳ್ಳಬೇಕೆಂದು ಎಡ್ವರ್ಡ್ ವಿಲ್ಸನ್ 1975ರಲ್ಲಿ ಸೂಚಿಸಿದ. ಆದರೆ 1976ರಲ್ಲಿ ರಿಚರ್ಡ್ ಡಾಕಿನ್ಸ್, ನಾವು ನಮ್ಮ ವಂಶವಾಹಿಗಳ ವಿರುದ್ಧ ಬಂಡೇಳಬಲ್ಲೆವು, ಔದಾರ್ಯವನ್ನು ಕಲಿಸಬೇಕು ಎಂದಾಗ, ತಿರುಗಿ ಬಂದದ್ದು ಹಕ್ಸ್‌ಲೀಯ ಜಾಗಕ್ಕೇ. ಬಂಡೇಳಬೇಕು ಎಂಬ ಆ ‘ಬೇಕು’ ವಂಶವಾಹಿಯಿಂದ ಬಂದದ್ದಲ್ಲ. ಇಲ್ಲಿ ಕ್ರೈಸ್ತ ಚಿಂತಕರು ಹೇಳುವ ಮಾತು: ಹಾಗಾದರೆ ಅದು ದೇವರಿಂದಲೇ ಬಂದಿರಬೇಕು. ದೇವರ ಆಜ್ಞೆ ಒಳ್ಳೆಯದು ಎಂದು ತಿಳಿಯಲು ಒಳಿತಿನ ಅರಿವು ಮೊದಲೇ ಬೇಕಲ್ಲ ಎಂಬ ಹಳೆಯ ಗ್ರೀಕ್ ಪ್ರಶ್ನೆ ಇದಕ್ಕೆ ಅಡ್ಡಬರುತ್ತದೆ. ಧರ್ಮಶಾಸ್ತ್ರ ಕೇಳದ ಜನರ ಹೃದಯದಲ್ಲೂ ಅದರ ಸಾರ ಬರೆದಿದೆ ಎಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನೇ ಒಪ್ಪಿದ್ದಾನೆ. ಒಪ್ಪಿದ ಮೇಲೆ ನೀತಿ ಕ್ರೈಸ್ತರ ಏಕಸ್ವಾಮ್ಯವಾಗಿ ಉಳಿಯುವುದಿಲ್ಲ. ಅಂತಃಸಾಕ್ಷಿ ವಿಕಾಸದ ಫಲವಾದರೆ ಅದು ಬರೀ ಭ್ರಮೆ ಎಂಬ ಆಕ್ಷೇಪವೂ ನಿಲ್ಲುವುದಿಲ್ಲ. ಎಣಿಸುವ ಸಾಮರ್ಥ್ಯವೂ ವಿಕಾಸದ ಫಲವೇ. ಅದರಿಂದ ಗಣಿತ ಸುಳ್ಳಾಗಿಲ್ಲ. ವಿಜ್ಞಾನಕ್ಕೆ ಸಂಗತಿ, ಧರ್ಮಕ್ಕೆ ಮೌಲ್ಯ ಎಂದು 1999ರಲ್ಲಿ ಸ್ಟೀಫನ್ ಜೇ ಗೂಲ್ಡ್ ಎರಡಕ್ಕೂ ಬೇರೆ ಬೇರೆ ಕ್ಷೇತ್ರ ಹಂಚಿಕೊಟ್ಟದ್ದು ಸೌಜನ್ಯದ ತೀರ್ಪು, ಆದರೆ ಸರಿಯಾದ ತೀರ್ಪಲ್ಲ. ಕ್ರೈಸ್ತ ಶ್ರದ್ಧೆ ಸಂಗತಿಗಳ ಬಗ್ಗೆಯೂ ಮಾತಾಡುತ್ತದೆ, ಮೌಲ್ಯಗಳು ಧರ್ಮದ ಆಸ್ತಿಯೂ ಅಲ್ಲ.

ಸಂಗತಿಯ ಬಗ್ಗೆ ಹಾಗೆ ಉಳಿದಿರುವ ದೊಡ್ಡ ತೊಡಕು ಆದಾಮನದು. ರೋಮಿನ ಚರ್ಚು ‘ಆರಿಜಿನ್’ ಪುಸ್ತಕವನ್ನು ತನ್ನ ನಿಷೇಧಪಟ್ಟಿಗೆ ಸೇರಿಸಲೇ ಇಲ್ಲ. ವಿಕಾಸವನ್ನು ಒಪ್ಪಿ ಬರೆದ ಪಾದ್ರಿ ಜಾನ್ ಜಾಮ್‌ನ ಪುಸ್ತಕವನ್ನು 1898ರಲ್ಲಿ ನಿಷೇಧಿಸಿಯೂ ಆ ಆಜ್ಞೆಯನ್ನು ಪ್ರಕಟಿಸಲಿಲ್ಲ. 1950ರಲ್ಲಿ ಪೋಪ್ 12ನೆಯ ಪಯಸ್ ಮನುಷ್ಯದೇಹದ ವಿಕಾಸವನ್ನು ಚರ್ಚಿಸಲು ಅನುಮತಿಯಿತ್ತ, ಆತ್ಮವನ್ನು ಮಾತ್ರ ದೇವರು ನೇರವಾಗಿ ಸೃಷ್ಟಿಸುತ್ತಾನೆಂದ. 1996ರಲ್ಲಿ ಪೋಪ್ 2ನೆಯ ಜಾನ್ ಪಾಲ್ ವಿಕಾಸ ಬರೀ ಊಹೆಗಿಂತ ಮಿಗಿಲಾದದ್ದೆಂದು ಒಪ್ಪಿದ. ಆದರೆ ಮೂಲಪಾಪದ ಸಿದ್ಧಾಂತಕ್ಕಾಗಿ ಮನುಕುಲವೆಲ್ಲ ಒಬ್ಬನೇ ಆದಾಮನಿಂದ ಬಂದದ್ದೆಂದು 1950ರ ಪರಿಪತ್ರ ಹೇಳುತ್ತದೆ. ಮನುಷ್ಯರ ಪೂರ್ವಜರ ಸಂಖ್ಯೆ ಎಂದೂ ಒಂದು ಜೋಡಿಗೆ ಇಳಿದಿರಲಿಲ್ಲ, ಸಾವಿರಗಳಲ್ಲೇ ಇತ್ತು ಎಂದು ತಳಿವಿಜ್ಞಾನ ಹೇಳುತ್ತದೆ. ಪರಿಪತ್ರದ ಆ ಭಾಗವನ್ನು ರೋಮ್ ವಿಧಿವತ್ತಾಗಿ ಹಿಂತೆಗೆದುಕೊಂಡಿಲ್ಲ.