ದಿನಕ್ಕೆ ಮೂರೇ ಗಂಟೆ: ಕೋರ್ಟಿನ ವಕೀಲರು ಕ್ಲಾಸಿಗೆ ಬಂದ ಕಥೆ

ಉಲ್ಲಾಳದಿಂದ ಮಾತಾಡ್ತಾ ಇದ್ದೀನಿ. ರಾಣಿ ಅಬ್ಬಕ್ಕನ ಉಲ್ಲಾಳ ಅಲ್ಲ, ಪಶ್ಚಿಮ ಬೆಂಗಳೂರಿನ ಉಲ್ಲಾಳ. ನಮಗೆ ಹತ್ತಿರದಲ್ಲೇ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಇದೆ, ಅದರ ಪಕ್ಕ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್ ಇದೆ. ಹಾಗಾಗಿ ಈ ಸಲದ ವಿಷಯ ನಮ್ಮ ಏರಿಯಾದ್ದೇ ಅನ್ನಬಹುದು: ಲಾ ಓದೋ ಮಕ್ಕಳಿಗೆ ಕೋರ್ಟಿನಲ್ಲಿ ಕೇಸು ನಡೆಸೋದನ್ನ ಕಲಿಸೋರು ಯಾರು?

ಪ್ರಶ್ನೆ ಸಣ್ಣದು ಅನ್ನಿಸಬಹುದು, ಆದರೆ ಯೋಚನೆ ಮಾಡಿ. ಡಾಕ್ಟರ್ ಆಗೋರು ಹೌಸ್ ಸರ್ಜನ್ ಆಗಿ ಒಂದು ವರ್ಷ ಆಸ್ಪತ್ರೆಯಲ್ಲಿ ದುಡೀಬೇಕು. ನನ್ನ ಬಿಕಾಂ ಕ್ಲಾಸಿನಿಂದ ಸಿಎ ಕಡೆ ಹೋದವರು ಆರ್ಟಿಕಲ್‌ಶಿಪ್ ಮುಗಿಸದೆ ಸಿಎ ಆಗೋ ಹಾಗಿಲ್ಲ. ವಕೀಲರಿಗೆ ಮಾತ್ರ ಆ ಕಡ್ಡಾಯ ಇಲ್ಲ. ಡಿಗ್ರಿ ಬಂತು, ಸನ್ನದು ಸಿಕ್ಕಿತು ಅಂದ್ರೆ ಮಾರನೇ ದಿನವೇ ವಕಾಲತ್ತು ಹಾಕಬಹುದು. ಆ ವಕಾಲತ್ತಿನ ಕೆಳಗೆ ಸಹಿ ಹಾಕಿರೋ ಕಕ್ಷಿದಾರನಿಗೆ ಇರೋದು ಒಂದೇ ಸೈಟು, ಒಂದೇ ಕೇಸು. ಅವನ ವಕೀಲರು ಅವನ ಕೇಸಿನ ಮೇಲೇ ಕೆಲಸ ಕಲೀತಾ ಇದ್ರೆ, ಆ ಕಲಿಕೆಯ ಫೀಸು ಕಟ್ಟೋನು ಅವನೇ.

ಇದು ಹೇಗಾಯ್ತು ಅಂತ ನೋಡೋಣ.

ಹಿಂದಿನ ಕಾಲದಲ್ಲಿ ಲಾ ಕಾಲೇಜಿನ ಮೇಷ್ಟ್ರು ಅಂದ್ರೆ ಬಹುಮಟ್ಟಿಗೆ ಕೋರ್ಟಿನ ವಕೀಲರೇ. ಬೆಳಿಗ್ಗೆ ಅಥವಾ ಸಂಜೆ ಬಂದು ಪಾಠ ಮಾಡಿ ಹೋಗೋರು. ದೊಡ್ಡ ಉದಾಹರಣೆ ಡಾ. ಬಿ.ಆರ್. ಅಂಬೇಡ್ಕರ್. ಬಾಂಬೆಯಲ್ಲಿ ವಕೀಲಿಕೆ ಮಾಡ್ತಾ, 1925ರಿಂದ 1928ರವರೆಗೆ ಬಾಟ್ಲಿಬಾಯ್ ಅಕೌಂಟೆನ್ಸಿ ಸಂಸ್ಥೆಯಲ್ಲಿ ಮರ್ಕಂಟೈಲ್ ಲಾ ಕಲಿಸ್ತಿದ್ರು, ಅಂದ್ರೆ ನಮ್ಮ ಕಾಮರ್ಸ್‌ನವರಿಗೆ ಬರೋ ಅದೇ ಸಬ್ಜೆಕ್ಟು. 1928ರಲ್ಲಿ ಅಲ್ಲಿನ ಸರ್ಕಾರಿ ಲಾ ಕಾಲೇಜಿಗೆ ಪಾರ್ಟ್ ಟೈಮ್ ಪ್ರೊಫೆಸರ್ ಆದರು, 1935ರಲ್ಲಿ ಅದೇ ಕಾಲೇಜಿನ ಪ್ರಿನ್ಸಿಪಾಲರಾದರು. ನಮ್ಮ ಕಡೆ ಬೆಳಗಾವಿಯ ರಾಜಾ ಲಖಮಗೌಡ ಲಾ ಕಾಲೇಜು ಶುರುವಾಗಿದ್ದು 1939ರಲ್ಲಿ. ಬೆಂಗಳೂರಿಗೆ ಸರ್ಕಾರಿ ಲಾ ಕಾಲೇಜು ಬಂದಿದ್ದು 1948ರಲ್ಲಿ.

ಇಲ್ಲೊಂದು ತಮಾಷೆ ಇದೆ. ಕಲಿಸೋರು ಕೋರ್ಟಿನೋರೇ ಆದ್ರೂ ಕಲಿಸ್ತಿದ್ದಿದ್ದು ಮಾತ್ರ ಪುಸ್ತಕ. ಸೆಕ್ಷನ್ನು, ತೀರ್ಪು, ನೋಟ್ಸು. ಕೇಸು ನಡೆಸೋ ಕೆಲಸವನ್ನ ಸೀನಿಯರ್ ಆಫೀಸಿನಲ್ಲಿ ಕಲೀಲಿ ಅನ್ನೋದು ಎಲ್ಲರ ನಂಬಿಕೆ. ನಂಬಿಕೆ ಸರಿ, ಆದರೆ ಒಳ್ಳೆ ಸೀನಿಯರ್ ಸಿಗೋದು ಯಾರಿಗೆ? ಮನೆಯಲ್ಲಿ ವಕೀಲರಿದ್ದೋರಿಗೆ, ಪರಿಚಯ ಇದ್ದೋರಿಗೆ. ಮೊದಲ ತಲೆಮಾರಿನ ಹುಡುಗಿ ಒಬ್ಬಳು ಹಳ್ಳಿಯಿಂದ ಬಂದರೆ ಅವಳಿಗೆ ಕಾಲೇಜೇ ಗತಿ.

1961ರ ವಕೀಲರ ಕಾಯ್ದೆಯಲ್ಲಿ ಸನ್ನದಿಗೆ ಮುಂಚೆ ತರಬೇತಿ, ಪರೀಕ್ಷೆ ಎರಡಕ್ಕೂ ಜಾಗ ಇತ್ತು. 1973ರ ತಿದ್ದುಪಡಿಯಲ್ಲಿ ಅದನ್ನ ತೆಗೆದುಹಾಕಿದರು. ಬಾರ್ ಕೌನ್ಸಿಲ್ 1995ರಲ್ಲಿ ನಿಯಮ ಮಾಡಿ ಒಂದು ವರ್ಷದ ತರಬೇತಿ ಮತ್ತೆ ತರೋಕೆ ನೋಡಿತು. 1999ರಲ್ಲಿ ವಿ. ಸುಧೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾಯ್ದೆಯಲ್ಲಿ ನಿಮಗೆ ಆ ಅಧಿಕಾರ ಇಲ್ಲ ಅಂತ ಆ ನಿಯಮಗಳನ್ನ ರದ್ದು ಮಾಡಿತು. 2023ರ ಫೆಬ್ರವರಿಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪು ಸರಿಯಲ್ಲ ಅಂತ ಹೇಳಿ, ಅಖಿಲ ಭಾರತ ಬಾರ್ ಪರೀಕ್ಷೆಯನ್ನ ಎತ್ತಿಹಿಡೀತು. ಆದರೆ ಆ ಪರೀಕ್ಷೆಯಲ್ಲಿ ಬರೋದು ನಾಲ್ಕರಲ್ಲಿ ಒಂದು ಉತ್ತರ ಆರಿಸೋ 100 ಪ್ರಶ್ನೆ. ಸಾಕ್ಷಿಯ ಎದುರು ನಿಂತು ಮಾತಾಡೋದು ಅದರಲ್ಲಿ ಬರಲ್ಲ.

ಈ ಮಧ್ಯೆ ಇನ್ನೊಂದು ಸಂಗತಿ. ಬಾರ್ ಕೌನ್ಸಿಲ್‌ನ ನಿಯಮ 49ರ ಪ್ರಕಾರ ಪೂರ್ತಿ ಸಮಯದ ಸಂಬಳದ ಕೆಲಸದಲ್ಲಿರೋರು ವಕೀಲಿಕೆ ಮಾಡೋ ಹಾಗಿಲ್ಲ. ಹಾಗಾದ್ರೆ ವಕೀಲರು ಮೇಷ್ಟ್ರಾಗೋದು ಹೇಗೆ? ಅದಕ್ಕೆ ಕೇಂದ್ರ ಸರ್ಕಾರ 1979ರಲ್ಲಿ ಒಂದು ಪುಟ್ಟ ನಿಯಮ ತಂತು. ದಿನಕ್ಕೆ ಮೂರು ಗಂಟೆ ಮೀರದ ಹಾಗೆ ವಕೀಲರು ಲಾ ಕಾಲೇಜಿನಲ್ಲಿ ಪಾಠ ಮಾಡಬಹುದು. ಸಂಬಳ ಯಾವ ರೂಪದಲ್ಲೇ ಬರಲಿ, ಕೆಲಸಕ್ಕೆ ಏನೇ ಹೆಸರು ಇಡಲಿ, ಮೂರು ಗಂಟೆಯ ಒಳಗಿದ್ರೆ ಅದು ಪಾರ್ಟ್ ಟೈಮೇ. ಇವತ್ತಿಗೂ ಕೋರ್ಟಿನಿಂದ ಕ್ಲಾಸಿಗೆ ಬರೋ ವಕೀಲರು ಓಡಾಡೋದು ಈ ಕಿಂಡಿಯಲ್ಲೇ.

ಆಮೇಲೆ ಬಂತು ನಾಗರಬಾವಿ. ಎನ್.ಆರ್. ಮಾಧವ ಮೆನನ್ ಅವರು ಕಟ್ಟಿದ ನ್ಯಾಷನಲ್ ಲಾ ಸ್ಕೂಲ್‌ನ ಮೊದಲ ಬ್ಯಾಚು ಸೇರಿದ್ದು 1988ರಲ್ಲಿ. ಐದು ವರ್ಷದ ಕೋರ್ಸು, ಪೂರ್ತಿ ಸಮಯದ ಮೇಷ್ಟ್ರುಗಳು, ಹಾಸ್ಟೆಲ್ಲು. ಜೊತೆಗೆ ಕಾನೂನು ನೆರವಿನ ಕ್ಲಿನಿಕ್ಕು. ಆಸ್ಪತ್ರೆಯಲ್ಲಿ ರೋಗಿ ಇದ್ದ ಹಾಗೆ ಲಾ ಶಾಲೆಯಲ್ಲಿ ಕಕ್ಷಿದಾರ ಇರಬೇಕು ಅನ್ನೋದು ಇದರ ಹಿಂದಿನ ವಿಚಾರ. ಅಮೆರಿಕದಲ್ಲಿ ಜೆರೋಮ್ ಫ್ರಾಂಕ್ 1933ರಲ್ಲೇ ಇದನ್ನ ಬರೆದಿದ್ದರು. ಮೆನನ್ 1998ರಲ್ಲಿ ಕ್ಲಿನಿಕಲ್ ಕಾನೂನು ಶಿಕ್ಷಣದ ಮೇಲೆ ಒಂದು ಕೈಪಿಡಿಯನ್ನೇ ಸಂಪಾದಿಸಿದರು.

ಅದಕ್ಕೆ ಸ್ವಲ್ಪ ಮುಂಚೆ, 1997ರಲ್ಲಿ, ಬಾರ್ ಕೌನ್ಸಿಲ್ ಎಲ್ಲ ಲಾ ಕಾಲೇಜುಗಳಿಗೂ ನಾಲ್ಕು ಪ್ರಾಕ್ಟಿಕಲ್ ಪೇಪರ್ ಕಡ್ಡಾಯ ಮಾಡಿತು. 2008ರ ನಿಯಮಗಳಲ್ಲಿ ಲೆಕ್ಕ ಹೀಗಿದೆ: ದಾವಾಪತ್ರ, ಅರ್ಜಿ ಇತ್ಯಾದಿ ಬರೆಯೋ 15 ಅಭ್ಯಾಸಕ್ಕೆ 45 ಅಂಕ, ಕ್ರಯಪತ್ರದಂಥ ದಸ್ತಾವೇಜಿನ 15 ಅಭ್ಯಾಸಕ್ಕೆ 45 ಅಂಕ, ಮೌಖಿಕಕ್ಕೆ 10. ಇನ್ನೊಂದು ಪೇಪರಿನಲ್ಲಿ ಅಣಕು ನ್ಯಾಯಾಲಯ ಇದೆ, ಎರಡು ಕೇಸಿನ ವಿಚಾರಣೆಯನ್ನ ಕೋರ್ಟಿನಲ್ಲೇ ಕೂತು ನೋಡಿ ಬರೆಯೋದಿದೆ, ಕಕ್ಷಿದಾರನ ಹತ್ತಿರ ಮಾತಾಡಿ ವಿಷಯ ತಿಳಿಯೋದಿದೆ. ದಾವಾಪತ್ರ ಬರೆಯೋ ಪೇಪರನ್ನ ಕಲಿಸೋಕೆ ಕೋರ್ಟಿನ ವಕೀಲರ, ನಿವೃತ್ತ ನ್ಯಾಯಾಧೀಶರ ಸಹಾಯ ತಗೊಳ್ಳೋದು ಒಳ್ಳೇದು ಅಂತ ನಿಯಮವೇ ಹೇಳುತ್ತೆ. 2002ರ ಕಾನೂನು ಆಯೋಗದ 184ನೇ ವರದಿಯೂ ಪಾರ್ಟ್ ಟೈಮ್ ಮೇಷ್ಟ್ರುಗಳನ್ನ ಬಾರ್‌ನಿಂದ ಕರೆತನ್ನಿ ಅಂದಿತ್ತು.

ವಕೀಲರೇ ಯಾಕೆ ಬೇಕು? ಒಂದು ಉದಾಹರಣೆ ತಗೊಳ್ಳಿ. ಪಕ್ಕದ ಮನೆಯೋರು ಸೈಟು ಒತ್ತುವರಿ ಮಾಡಿದ್ದಾರೆ ಅಂತ ಒಂದು ದಾವೆ. ಮುಖ್ಯ ವಿಚಾರಣೆಯಲ್ಲಿ ನಮ್ಮ ಸಾಕ್ಷಿಗೆ ಉತ್ತರ ಹೇಳಿಕೊಡೋ ಪ್ರಶ್ನೆ ಕೇಳೋ ಹಾಗಿಲ್ಲ, ಪಾಟೀಸವಾಲಿನಲ್ಲಿ ಕೇಳಬಹುದು. ಇಷ್ಟು ಪುಸ್ತಕದಲ್ಲಿದೆ. "ಗಡಿಕಲ್ಲು ಯಾಕೆ ಕಿತ್ತಿರಿ?" ಅಂತ ಕೇಳಿದ್ರೆ ಎದುರು ಸಾಕ್ಷಿ ಅರ್ಧ ಗಂಟೆ ತನ್ನ ಕಥೆ ಹೇಳ್ತಾನೆ. "ಸರ್ವೇ ಆದ ದಿನ ನೀವು ಅಲ್ಲಿದ್ರಿ, ಅಲ್ವಾ? ನಕ್ಷೆಗೆ ಸಹಿ ಹಾಕಿದ್ರಿ, ಅಲ್ವಾ?" ಅಂತ ಒಂದೊಂದೇ ಮೆಟ್ಟಿಲು ಹತ್ತಿಸಿದ್ರೆ ಅವನು ಹೌದು ಅನ್ನಲೇಬೇಕು. ಯಾವ ಪ್ರಶ್ನೆ ಕೇಳದೇ ಕೂತ್ಕೋಬೇಕು ಅನ್ನೋದು ಇನ್ನೂ ದೊಡ್ಡ ವಿದ್ಯೆ. ಇದನ್ನ ಹತ್ತು ಸಲ ಮಾಡಿಸಿ, ಹತ್ತು ಸಲ ತಿದ್ದೋಕೆ ಬೆಳಿಗ್ಗೆ ತಾನೇ ಸಾಕ್ಷಿ ಕಟಕಟೆ ನೋಡಿ ಬಂದೋರು ಬೇಕು.

ಹಾಗಂತ ವಕೀಲರನ್ನ ಕರೆಸಿಬಿಟ್ರೆ ಎಲ್ಲ ಸರಿಹೋಗುತ್ತೆ ಅನ್ನೋಕಾಗಲ್ಲ. ಹಳೇ ಕಾಲದ ಪಾಠ ನೆನಪಿಡಿ: ಕೋರ್ಟಿನೋರು ಬಂದರೂ ನೋಟ್ಸೇ ಹೇಳಿದ್ರೆ ಪ್ರಯೋಜನ ಇಲ್ಲ. 2021ರಲ್ಲಿ ಮೆಟ್ರೋ ನೇರಳೆ ಮಾರ್ಗ ಕೆಂಗೇರಿವರೆಗೆ ಬಂದ ಮೇಲೆ ಜ್ಞಾನಭಾರತಿಯಿಂದ ಸಿಟಿ ಸಿವಿಲ್ ಕೋರ್ಟಿನ ಕಡೆಗೆ ಹೋಗೋದು ಸುಲಭ ಆಗಿದೆ. ದಾರಿ ಇದೆ, ನಿಯಮ ಇದೆ, ಸಿಲಬಸ್ ಇದೆ. ಬೇಕಾಗಿರೋದು ಎರಡು. ಈ ಪಾರ್ಟ್ ಟೈಮ್ ವಕೀಲರನ್ನ ಅತಿಥಿ ಅಂತ ಕೂರಿಸದೆ ಮೇಷ್ಟ್ರು ಅಂತ ನಡೆಸಿಕೊಂಡು ತಕ್ಕ ಸಂಬಳ ಕೊಡೋದು. ಮತ್ತೆ, ಆ 15 ಅಭ್ಯಾಸಗಳನ್ನ ರೆಕಾರ್ಡ್ ಪುಸ್ತಕ ತುಂಬಿಸೋಕೆ ಬರೆಸದೆ, ಒಂದೊಂದನ್ನೂ ಕೆಂಪು ಇಂಕಿನಲ್ಲಿ ತಿದ್ದಿ ವಾಪಸ್ ಕೊಡೋದು.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಸಿವಿಲ್ ಜಡ್ಜ್ ಹುದ್ದೆಗೆ ಮೂರು ವರ್ಷದ ವಕೀಲಿಕೆ ಬೇಕು ಅಂತ ಮತ್ತೆ ಕಡ್ಡಾಯ ಮಾಡಿದೆ. ಜಡ್ಜ್ ಆಗೋಕೆ ಕೋರ್ಟಿನ ಅನುಭವ ಬೇಕು ಅನ್ನೋದನ್ನ ಒಪ್ಪೋಣ. ಆದರೆ ಆ ಮೂರು ವರ್ಷದ ಮೊದಲ ದಿನ ಅವರ ಕೈಗೆ ಕೇಸಿನ ಕಟ್ಟು ಕೊಡೋ ಕಕ್ಷಿದಾರನೂ ಒಬ್ಬ ಇದ್ದಾನೆ. ದಿನಕ್ಕೆ ಮೂರು ಗಂಟೆ ಪಾಠ ಸರಿಯಾಗಿ ನಡೆದ್ರೆ ಮೊದಲ ಲಾಭ ಆಗೋದು ಅವನಿಗೆ.

ಮುಂದಿನ ವಾರ ಸಿಗೋಣ.